ಕಪಾಟಿನ ಕೀಲಿ ಕೊಡುವ ಮೊದಲು

ಮುಂಬೈ, ಪುಣೆಯ ಕನ್ನಡ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಕಾರ್ಯಕ್ರಮ ಸಮಿತಿಯ ಅಣ್ಣಂದಿರಿಗೆ, ಅಕ್ಕಂದಿರಿಗೆ,

ಡೊಂಬಿವಲಿಯಿಂದ ನಮಸ್ಕಾರ.

ನಿಮ್ಮಲ್ಲಿ ಬಹಳ ಜನರಿಗೆ ನನ್ನ ಮುಖದ ಪರಿಚಯ ಇದೆ, ಹೆಸರು ಗೊತ್ತಿರಲಿಕ್ಕಿಲ್ಲ. ತಬಲಾದವರ ವಿಷಯದಲ್ಲಿ ಇದು ಹೊಸದೇನಲ್ಲ. ಧಾರವಾಡದಲ್ಲಿ ಕಲಿತು, 1986ರಲ್ಲಿ ಬ್ಯಾಂಕಿನ ನೌಕರಿ ಹಿಡಿದು ಇಲ್ಲಿಗೆ ಬಂದೆ. ಹಗಲು ಫೋರ್ಟ್‌ನಲ್ಲಿ ಲೆಡ್ಜರ್. ಸಂಜೆ ಮಾಟುಂಗಾ, ವಡಾಲಾ, ಮುಲುಂಡ್, ಠಾಣೆ ಅಂತ ಎಲ್ಲಿ ಭಾವಗೀತೆಯೋ, ದಾಸರಪದವೋ, ಬೈಠಕ್ಕೋ ಅಲ್ಲಿ ತಬಲಾ. ಎರಡು ಚೀಲ ಹಿಡಿದುಕೊಂಡು ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ನಿಂತು ಬರುತ್ತಿದ್ದ ಮನುಷ್ಯ. ಅಷ್ಟು ನೆನಪಾದರೆ ಸಾಕು.

ಈ ಪತ್ರಕ್ಕೆ ಕಾರಣ ಒಂದು ಕಪಾಟು.

ನಮ್ಮ ಸಂಘದ ಆಫೀಸಿನಲ್ಲಿ, ಕೇರಂ ಬೋರ್ಡು ಮತ್ತು ಹಳೇ ಸ್ಮರಣ ಸಂಚಿಕೆಗಳ ಗಂಟಿನ ಹಿಂದೆ, ಒಂದು ಹಸಿರು ಗೋದ್ರೆಜ್ ಕಪಾಟಿದೆ. ಅದರ ಕೆಳಗಿನ ಎರಡು ಖಾನೆ ತುಂಬ ಕ್ಯಾಸೆಟ್ಟು. ನಾನೇ ನೆಲದ ಮೇಲೆ ಕೂತು ಎಣಿಸಿದ್ದೇನೆ: 212. 1983ರಿಂದ 2001ರವರೆಗೆ ನಮ್ಮ ಹಾಲಿನಲ್ಲಿ ನಡೆದ ಗಾಯನ, ಭಾವಗೀತೆ, ತಾಳಮದ್ದಳೆ, ಒಂದೆರಡು ಹರಿಕಥೆ. ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಬೂಷ್ಟು ಹಿಡಿಯುತ್ತದೆ. ಕೆಲವದರ ಒಳಗಿನ ಸಣ್ಣ ಸ್ಪಂಜು ಉದುರಿದೆ. ಜೊತೆಗೆ ಒಂದು ಉದ್ದನೆಯ ನೋಟ್‌ಬುಕ್ಕು ಇದೆ, ರಟ್ಟಿನ ಹೊದಿಕೆಯದ್ದು. ಯಾವ ಕ್ಯಾಸೆಟ್ಟಿನಲ್ಲಿ ಯಾರು, ಯಾವ ರಾಗ, ಯಾವ ತಾಳ ಅಂತ ಅದರಲ್ಲಿ ಸಾಲಾಗಿ ಬರೆದಿದೆ.

ಹೋದ ತಿಂಗಳು ಒಂದು ಕಂಪನಿಯಿಂದ ಪತ್ರ ಬಂತು. ನಿಮ್ಮ ಹಳೆಯ ಧ್ವನಿಮುದ್ರಣಗಳನ್ನು ಪುಕ್ಕಟೆಯಾಗಿ ಡಿಜಿಟಲ್ ಮಾಡಿಕೊಡುತ್ತೇವೆ, ಒಂದು ಹಾರ್ಡ್ ಡಿಸ್ಕ್ ಕೊಡುತ್ತೇವೆ, ನಮ್ಮ ವೆಬ್‌ಸೈಟಿನಲ್ಲಿ ನಿಮ್ಮ ಸಂಘದ ಹೆಸರು ಹಾಕುತ್ತೇವೆ ಅಂತ. ಸಮಿತಿಯವರಿಗೆ ಖುಷಿಯೋ ಖುಷಿ. ಯಾಕಾಗಬಾರದು? ಐದು ವರ್ಷದಿಂದ ಈ ಕೆಲಸ ಮಹಾಸಭೆಯ ಅಜೆಂಡಾದಲ್ಲಿ ಕೊನೆಯ ವಿಷಯವಾಗಿ ಬಂದು, ಅಷ್ಟರಲ್ಲಿ ಉಪ್ಪಿಟ್ಟು ಬಂದು, ಮುಂದಿನ ಸಭೆಗೆ ಹೋಗುತ್ತಿತ್ತು. ಖಜಾಂಚಿ ನನ್ನ ಗೆಳೆಯ. "ನೋಡೋ, ಕಡೆಗೂ ಯಾರೋ ಬಂದ್ರು" ಅಂತ ಕರಾರು ಪತ್ರವನ್ನು ವಾಟ್ಸ್ಯಾಪಿಗೆ ಹಾಕಿದ. ಒಂಬತ್ತು ಪುಟ, ಎಲ್ಲಾ ಇಂಗ್ಲಿಷು.

ಆರನೇ ಪುಟದಲ್ಲಿ ಒಂದೇ ವಾಕ್ಯ ಒಂಬತ್ತು ಸಾಲು ಹಬ್ಬಿತ್ತು. ಕನ್ನಡದಲ್ಲಿ ಅದರ ತಾತ್ಪರ್ಯ ಇಷ್ಟು: ಈ ಧ್ವನಿಗಳನ್ನು ಈಗ ಇರುವ ಮತ್ತು ಮುಂದೆ ಬರುವ ಯಾವುದೇ ತಂತ್ರಜ್ಞಾನಕ್ಕೆ, ಎಐ (ಕೃತಕ ಬುದ್ಧಿಮತ್ತೆ) ಯಂತ್ರಗಳಿಗೆ ಕಲಿಸುವುದಕ್ಕೂ, ಜಗತ್ತಿನ ಎಲ್ಲಿ ಬೇಕಾದರೂ, ಯಾವತ್ತಿಗೂ, ವಾಪಸ್ ಕೇಳದಂತೆ ನಾವು ಬಳಸಬಹುದು. ಹಾಡಿದವರ, ನುಡಿಸಿದವರ ಒಪ್ಪಿಗೆ ತಂದುಕೊಡುವ ಜವಾಬ್ದಾರಿ ಮಾತ್ರ ನಿಮ್ಮದು.

ಇದೇ ಪತ್ರ ಬೇರೆ ಸಂಘಗಳಿಗೂ ಬಂದಿದೆ ಅಂತ ಕೇಳಿದೆ. ಅದಕ್ಕೇ ಒಬ್ಬೊಬ್ಬರ ಮನೆಗೆ ಹೋಗಿ ಹೇಳುವ ಬದಲು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಸಹಿ ಹಾಕಬೇಡಿ. ಕನಿಷ್ಠ ಈಗಲೇ ಹಾಕಬೇಡಿ.

ನನಗೆ ಅನುಮಾನ ಬಂದಿದ್ದು ಆರನೇ ಪುಟದಿಂದಲ್ಲ. ಅದರ ಇಂಗ್ಲಿಷು ಆಮೇಲೆ ಮಗಳು ಓದಿ ಹೇಳಿದ್ದು. ಅನುಮಾನ ಬಂದಿದ್ದು ಪತ್ರದ ಕೊನೆಯಲ್ಲಿದ್ದ ಸಣ್ಣ ಸಾಲಿನಿಂದ. ಕ್ಯಾಸೆಟ್ಟುಗಳ ಜೊತೆ ಆ ನೋಟ್‌ಬುಕ್ಕನ್ನೂ ಕಳಿಸಿ ಅಂತ ಕೇಳಿದ್ದರು. ಬೂಷ್ಟು ಹಿಡಿದ ಟೇಪು ಯಾರಿಗಾದರೂ ಬೇಕಾಗಬಹುದು. ನಮ್ಮ ರಟ್ಟಿನ ನೋಟ್‌ಬುಕ್ಕು ಯಾರಿಗೆ ಬೇಕು?

ಯಂತ್ರಕ್ಕೆ ಬೇಕು. ಬರೀ ಸದ್ದು ಕೊಟ್ಟರೆ ಅದಕ್ಕೆ ಅರ್ಧ ಪಾಠ. ಇದು ಯಮನ್ ರಾಗ, ಇದು ವಿಲಂಬಿತ (ನಿಧಾನದ) ಏಕತಾಲ, ಇಲ್ಲಿಂದ ದ್ರುತ್ (ವೇಗದ) ತೀನ್‌ತಾಲ ಅಂತ ಹೆಸರು ಹಚ್ಚಿ ಕೊಟ್ಟರೆ ಪೂರ್ತಿ ಪಾಠ. ಇವತ್ತು ಎರಡು ಸಾಲು ಬರೆದುಕೊಟ್ಟರೆ ಹಾಡು ಮಾಡಿಕೊಡುವ ಆ್ಯಪ್‌ಗಳು ಸಿನಿಮಾ ಹಾಡಿನ ಥರದ್ದು, ಪಾಪ್ ಥರದ್ದು ಚೆನ್ನಾಗಿಯೇ ಮಾಡುತ್ತವೆ, ಯಾಕಂದರೆ ಅಂಥ ಹಾಡು ಎಲ್ಲೆಲ್ಲೂ ಬಿದ್ದಿದೆ. ಆದರೆ ಒಂದು ರಾಗವನ್ನು ಮುಕ್ಕಾಲು ಗಂಟೆ ಬೆಳೆಸು ಅಂದರೆ ತಡವರಿಸುತ್ತವೆ. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಎಳೆಯುವುದು) ತೆಗೆದುಕೊಳ್ಳುವಾಗ ಜಾರುತ್ತವೆ. ಅಂಥ ಹಾಡುಗಾರಿಕೆ ಪೂರ್ತಿಯಾಗಿ, ಕತ್ತರಿ ಬೀಳದೆ, ಎದುರಿಗೆ ಕೂತವರ "ವ್ಹಾ" ಸಮೇತ ಎಲ್ಲಿದೆ? ನಮ್ಮಂಥವರ ಕಪಾಟಿನಲ್ಲಿದೆ. ಪುಣೆಯಲ್ಲಿ, ಧಾರವಾಡದಲ್ಲಿ, ಮಿರಜದಲ್ಲಿ, ಯಾವುದೋ ವಾಡೆಯ ಮಾಳಿಗೆಯ ಟ್ರಂಕಿನಲ್ಲಿದೆ. ನಾವು ಅದನ್ನು ಕಸ ಅಂದುಕೊಂಡಿದ್ದೇವೆ. ಬೇರೆಯವರು ಹಾಗೆ ಅಂದುಕೊಂಡಿಲ್ಲ.

ಈ ತಾತಪ್ಪನಿಗೆ ಯಂತ್ರ ಕಂಡರೆ ಭಯ ಅಂತ ಅಂದುಕೊಳ್ಳಬೇಡಿ. ನನ್ನ ರಿಯಾಜಿಗೆ ಫೋನಿನಲ್ಲೇ ಲೆಹರಾ (ತಾಳ ಹಿಡಿಯಲು ಸುತ್ತಿ ಸುತ್ತಿ ಬರುವ ರಾಗದ ಎಳೆ) ಹಾಕಿಕೊಳ್ಳುತ್ತೇನೆ. ಬೆಂಗಳೂರಿನ ಜಿ. ರಾಜ್‌ನಾರಾಯಣ್ 1979ರ ಹೊತ್ತಿಗೆ ತಂಬೂರಿಯ ಬದಲಿಗೆ ಶ್ರುತಿ ಹಿಡಿಯುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದಾಗ ನಮ್ಮ ಗುರುಗಳು ಮೂಗು ಮುರಿದಿದ್ದರು. ಹತ್ತು ವರ್ಷದಲ್ಲಿ ಅವರ ದೇವರ ಕೋಣೆಯಲ್ಲೇ ಅಂಥದ್ದೊಂದು ಕೂತಿತ್ತು. ಅನುಕೂಲ ಯಾರಿಗೆ ಬೇಡ? ಒಂದು ಮಾತ್ರ ಹೇಳಬೇಕು. ಆ ಡಬ್ಬಿ ಬರುವ ಮೊದಲು ಗುರುವಿನ ಹಿಂದೆ ತಂಬೂರಿ ಹಿಡಿದು ಕೂರುವುದೇ ಶಿಷ್ಯನಿಗೆ ಶಾಲೆಯಾಗಿತ್ತು. ಡಬ್ಬಿ ಬಂದ ಮೇಲೆ ಆ ಜಾಗ ಹೋಯಿತು. ಯಾರೂ ಕಿತ್ತುಕೊಳ್ಳಲಿಲ್ಲ, ಸುಮ್ನೆ ಹೋಯಿತು.

ಈಗ ನನ್ನದೇ ಒಂದು ಕಥೆ.

2016ರಲ್ಲಿ ಅಂಧೇರಿಯ ಒಂದು ಸ್ಟುಡಿಯೋದಿಂದ ಕರೆ ಬಂತು. ಎರಡು ದಿನದ ಕೆಲಸ, ಆರು ಸಾವಿರ ರೂಪಾಯಿ, ಕೈಯಲ್ಲೇ ಕ್ಯಾಷು. ಹೋದೆ. ಹಾಡಿಲ್ಲ, ತಾಳವಿಲ್ಲ, ಜೊತೆಗೆ ಯಾರೂ ಇಲ್ಲ. ಗಾಜಿನ ಆಚೆ ಒಬ್ಬ ಹುಡುಗ, ಕಿವಿಗೆ ಹೆಡ್‌ಫೋನು. "ಸರ್, ಬರೀ ನಾ ಹೊಡೀರಿ" ಅಂದ. ಹೊಡೆದೆ. ಇನ್ನೊಮ್ಮೆ. ಸ್ವಲ್ಪ ಮೆಲ್ಲಗೆ. ಸ್ವಲ್ಪ ಜೋರು. ಹೀಗೆ ತಬಲಾದ ಬೋಲು (ಪೆಟ್ಟಿನ ಅಕ್ಷರ) ನಾ, ತಿನ್, ತೂ, ಗೆ, ಕತ್, ಧಾ, ಧಿನ್, ಒಂದೊಂದನ್ನೂ ಇಪ್ಪತ್ತಿಪ್ಪತ್ತು ಸಲ. ನಡುನಡುವೆ ಸದ್ದು ಪೂರ್ತಿ ಆರುವ ತನಕ ಉಸಿರು ಬಿಗಿಹಿಡಿದು ಕೂರಬೇಕು. ಹುಡುಗ ಒಳ್ಳೆಯವನು. ವಡಾಪಾವ್ ತರಿಸಿದ, ಕಟಿಂಗ್ ಚಹಾ ತರಿಸಿದ. ಎರಡನೇ ದಿನ ಸಂಜೆ ನಾಲ್ಕು ಪುಟದ ಕಾಗದ ಮುಂದಿಟ್ಟ. ನನಗೆ ದಾದರಿಗೆ ಹೋಗಿ ಗಾಡಿ ಬದಲಿಸುವ ಅವಸರ. ಸಹಿ ಹಾಕಿದೆ. ಬ್ಯಾಂಕಿನಲ್ಲಿ ಇಡೀ ಆಯುಷ್ಯ ಬೇರೆಯವರ ಸಹಿ ತಾಳೆ ನೋಡಿದ ಮನುಷ್ಯ ತನ್ನ ಸಹಿಯ ಮೇಲೆ ಏನಿದೆ ಅಂತ ಓದಲಿಲ್ಲ!

ಆರು ವರ್ಷ ಆದಮೇಲೆ ತಂಗಿಯ ಮೊಮ್ಮಗ ಮನೆಗೆ ಬಂದಿದ್ದ. ಫೋನಿನಲ್ಲಿ ಒಂದು ಆ್ಯಪ್ ತೆಗೆದು, "ಅಜ್ಜಾ, ನೋಡು, ತಬಲಾ ಬಾರಿಸ್ತೀನಿ" ಅಂತ ಬೆರಳು ಆಡಿಸಿದ. ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟೆ. ಅದು ನನ್ನ ಡಗ್ಗಾ, ಎಡಗೈಯಲ್ಲಿ ನುಡಿಸುವ ನನ್ನ ತಬಲಾ.

ಹೇಗೆ ಗೊತ್ತು ಅಂತೀರಾ? ಆಗ ನನ್ನ ಡಗ್ಗಾದ ಶಾಯಿ (ಚರ್ಮದ ಮೇಲಿನ ಕರಿ ಲೇಪ) ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. "ಗೆ" ಹೊಡೆದು ಮಣಿಕಟ್ಟು ಒತ್ತಿ ಎಳೆದಾಗ, ಕೊನೆಯಲ್ಲಿ ಜಿರ್ ಅಂತ ಒಂದು ಎಳೆ ಸದ್ದು ಬರುತ್ತಿತ್ತು. ಬೇರೆಯವರ ಕಿವಿಗೆ ಬೀಳುವಂಥದ್ದಲ್ಲ. ನನಗೆ ಮಾತ್ರ ಅದು ಹಲ್ಲಿನಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ. 2017ರಲ್ಲಿ ಹೊಸ ಚರ್ಮ ಹಾಕಿಸಿದೆ, ಆ ಜಿರ್ ಹೋಯಿತು. ಈಗ ಅದು ನನ್ನ ಹತ್ತಿರ ಇಲ್ಲ. ಯಾವ್ಯಾವ ಊರಿನ ಯಾವ್ಯಾವ ಹುಡುಗರ ಫೋನಿನಲ್ಲೋ ಇದೆ.

ಮೋಸ ಆಯಿತು ಅಂತ ಹೇಳುತ್ತಿಲ್ಲ. ಎರಡು ದಿನಕ್ಕೆ ಆರು ಸಾವಿರ, ಆಗ ಕಡಿಮೆಯೇನಲ್ಲ. ಸಹಿ ನನ್ನದೇ. ಆದರೆ ಆ ಆ್ಯಪ್‌ನಲ್ಲಿ ಎಷ್ಟು ಹುಡುಕಿದರೂ ಹೆಸರು ಸಿಗಲಿಲ್ಲ. ಬಣ್ಣ ಬಳಿದವರ ಹೆಸರಿದೆ, ಸಾಫ್ಟ್‌ವೇರ್ ಮಾಡಿದವರ ಹೆಸರಿದೆ. ತಬಲಾ ಮಾತ್ರ ತಾನೇ ಬಾರಿಸಿಕೊಂಡಿದೆ.

ಹೆಸರು ಬಿಟ್ಟುಹೋಗುವುದು ಕಂಪ್ಯೂಟರ್ ಕಾಲದ ರೋಗವೂ ಅಲ್ಲ. ಮೂರು ನಿಮಿಷದ ಗ್ರಾಮಫೋನ್ ಕರಿ ತಟ್ಟೆಯ ಕಾಲದಲ್ಲಿ ನಮ್ಮ ಗಂಗೂಬಾಯಿ ಹಾನಗಲ್ ಎಚ್‌ಎಂವಿಗೆ ಹಾಡಿದರು. ತಟ್ಟೆಯ ಮೇಲೆ ಅಚ್ಚಾದ ಹೆಸರು "ಗಾಂಧಾರಿ ಹುಬ್ಬಳ್ಳಿ". ಅವರಂಥವರಿಗೇ ಹೀಗೆ. ಹಿಂದೆ ಸಾರಂಗಿ ಹಿಡಿದವರಿಗೆ ಅದೂ ಇಲ್ಲ. ಇದೇ ಮುಂಬೈಯ ಸಿನಿಮಾ ಸಂಗೀತ ನೋಡಿ. ಗೋವಾದ ಕ್ರೈಸ್ತ ಕುಟುಂಬಗಳಿಂದ ಬಂದವರು, ಚರ್ಚಿನಲ್ಲಿ ಸ್ಟಾಫ್ ನೊಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಕಲಿತವರು, ಸೆಬಾಸ್ಟಿಯನ್ ಡಿಸೋಜಾ, ಆಂಥೊನಿ ಗೊನ್ಸಾಲ್ವಿಸ್, ಚಿಕ್ ಚಾಕೊಲೇಟ್. ವಾದ್ಯಗಳನ್ನು ಹೇಗೆ ಜೋಡಿಸಬೇಕು, ಪಿಟೀಲಿನ ಸಾಲು ಎಲ್ಲಿ ಏಳಬೇಕು ಎಂಬುದನ್ನೆಲ್ಲ ಬರೆದುಕೊಟ್ಟವರು ಅಂಥವರು. ಹಾಡು ಊರಿಗೆಲ್ಲ ಗೊತ್ತು, ಅವರು ಎಷ್ಟು ಜನರಿಗೆ ಗೊತ್ತು? ತಾರ್‌ದೇವ್‌ನ ಫಿಲ್ಮ್ ಸೆಂಟರಿನಲ್ಲಿ, ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ ಒಂದೊಂದು ಹಾಡಿಗೆ ಹತ್ತಾರು ಪಿಟೀಲು ಒಟ್ಟಿಗೆ ಏಳುತ್ತಿದ್ದವು. ಆಮೇಲೆ ಸಿಂಥಸೈಜರ್ ಬಂತು, ಒಂದೇ ಬೆರಳಿಗೆ ಹತ್ತಾರು ಪಿಟೀಲು. ಆ ವಾದಕರಲ್ಲಿ ಕೆಲವರು ಟ್ಯೂಷನ್ ಹಿಡಿದರು, ಕೆಲವರು ಮದುವೆ ಬ್ಯಾಂಡಿಗೆ ಹೋದರು. ಒಬ್ಬರು ನಮ್ಮ ಬ್ಯಾಂಕಿಗೆ ಪಾಸ್‌ಬುಕ್ ತುಂಬಿಸಲು ಬರುತ್ತಿದ್ದರು. ಅವರ ಎಡಗೈ ಬೆರಳ ತುದಿಗಳು ಆಗಲೂ ಗಟ್ಟಿಯಾಗಿಯೇ ಇದ್ದವು.

ಹಾಗಾದರೆ ಈ ಸಲ ಬಂದದ್ದರಲ್ಲಿ ಹೊಸದೇನು? ತಂಬೂರಿ ಡಬ್ಬಿ ನಮ್ಮ ಕೆಲಸ ಕಸಿಯಿತು, ನಮ್ಮನ್ನು ಕಲಿಯಲಿಲ್ಲ. ಇದು ನಮ್ಮಿಂದಲೇ ಕಲಿಯುತ್ತದೆ. ಒಬ್ಬರ ಶುದ್ಧವಾದ ಧ್ವನಿ ಹತ್ತು ನಿಮಿಷ ಸಿಕ್ಕರೆ ಸಾಕು, ಅವರ ಕಂಠದಲ್ಲಿ ಬೇರೆ ಹಾಡು ಹಾಡಿಸುವ ತಂತ್ರಾಂಶ ಪುಕ್ಕಟೆಯಾಗಿಯೇ ಸಿಗುತ್ತದೆ. ನಮ್ಮ ಕಪಾಟಿನಲ್ಲಿ ಒಬ್ಬೊಬ್ಬರದ್ದು ಮೂರು ಮೂರು ಗಂಟೆ ಇದೆ.

ಬಾಂಬೆ ಹೈಕೋರ್ಟಿನ ಮುಂದೆ ಇದು ಆಗಲೇ ಬಂದಿದೆ. 2024ರಲ್ಲಿ ಅರಿಜಿತ್ ಸಿಂಗ್ ಹೋದರು, 2025ರಲ್ಲಿ ಆಶಾ ಭೋಸ್ಲೆ ಹೋದರು. ಒಪ್ಪಿಗೆ ಇಲ್ಲದೆ ಒಬ್ಬರ ಧ್ವನಿಯನ್ನು ಎಐ ಮೂಲಕ ನಕಲು ಮಾಡುವ ಸಾಧನ ಹಂಚುವುದು ಅವರ ವ್ಯಕ್ತಿತ್ವದ ಹಕ್ಕಿಗೆ ಧಕ್ಕೆ ಅಂತ ಕೋರ್ಟು ಇಬ್ಬರಿಗೂ ಮಧ್ಯಂತರ ರಕ್ಷಣೆ ಕೊಟ್ಟಿತು. ಒಳ್ಳೆಯದೇ. ಆದರೆ 1988ರಲ್ಲಿ ನಮ್ಮ ಹಾಲಿನಲ್ಲಿ ಹಾಡಿ ಹೋದ ಗದಗಿನ ಟೀಚರ್ ಹೈಕೋರ್ಟಿಗೆ ಹೋಗುತ್ತಾರಾ? ಅವರು ಈಗಿಲ್ಲ. ಮಗ ಎಲ್ಲಿದ್ದಾನೋ. ಅವರ ಪರವಾಗಿ ಇರುವುದು ನಾವು ಮತ್ತು ನಮ್ಮ ಕಪಾಟಿನ ಕೀಲಿ, ಅಷ್ಟೇ.

"ಕ್ಯಾಸೆಟ್ ನಮ್ಮದು, ರೆಕಾರ್ಡ್ ಮಾಡಿದ್ದು ನಾವು, ಹಾಲ್ ನಮ್ಮದು" ಅಂತ ಸಮಿತಿಯಲ್ಲಿ ಒಬ್ಬರು ವಾದ ಮಾಡಿದರು. ನಾನು ವಕೀಲನಲ್ಲ. ಆದರೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ರೆಕಾರ್ಡಿಂಗ್ ಹಕ್ಕು ಬೇರೆ, ಹಾಡಿದವರ ಹಕ್ಕು ಬೇರೆ. 1957ರ ಆ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ತಂದು ಪ್ರದರ್ಶಕರ ಹಕ್ಕು ಅಂತ ಸೇರಿಸಿದರು. 2012ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಈಗ ತನ್ನ ಹೆಸರು ಹೇಳಿಸಿಕೊಳ್ಳುವುದೂ ಪ್ರದರ್ಶಕರ ಒಂದು ಹಕ್ಕು. ಅವರ ಮರ್ಯಾದೆಗೆ ಕುಂದು ಬರುವ ಹಾಗೆ ಪ್ರದರ್ಶನವನ್ನು ತಿರುಚಿದರೆ ತಡೆಯುವುದೂ ಹಕ್ಕು. ಪ್ರದರ್ಶಕರು ಅಂದರೆ ಯಾರು ಅಂತ ಕಾಯ್ದೆಯಲ್ಲೇ ಪಟ್ಟಿ ಇದೆ: ನಟ, ಗಾಯಕ, ವಾದಕ, ನರ್ತಕ, ದೊಂಬರಾಟದವರು, ಜಾದೂಗಾರ, ಕೊನೆಗೆ ಹಾವಾಡಿಗ ಕೂಡ. ಹಾವಾಡಿಸುವವನಿಗೆ ಇರುವ ಮರ್ಯಾದೆ ಹಾರ್ಮೋನಿಯಂನವರಿಗೆ ಇರುವುದಿಲ್ವಾ? ಹಳೆಯ ಟೇಪುಗಳ ವಿಷಯದಲ್ಲಿ ಗಂಟುಗಳಿವೆ, ವಕೀಲರನ್ನು ಕೇಳಬೇಕು. ಕೇಳೋಣ. ಕೇಳಿದ ಮೇಲೆ ಸಹಿಯ ಮಾತು.

ಇನ್ನೊಂದು ಗಡಿಬಿಡಿಯ ಕಾರಣ ದೆಹಲಿಯಲ್ಲಿದೆ. ಕೇಂದ್ರದಲ್ಲಿ ಕೃತಿಸ್ವಾಮ್ಯ ನೋಡಿಕೊಳ್ಳುವ ಡಿಪಿಐಐಟಿ (ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ) ಇಲಾಖೆಯ ಸಮಿತಿ 2025ರ ಡಿಸೆಂಬರಿನಲ್ಲಿ ಒಂದು ಟಿಪ್ಪಣಿ ಹೊರತಂದಿತು. ಕಾನೂನುಬದ್ಧವಾಗಿ ಕೈಗೆ ಸಿಕ್ಕ ಕೃತಿಗಳಿಂದ ಎಐ ಕಂಪನಿಗಳು ಕಲಿಸಿಕೊಳ್ಳಬಹುದು, ಹಕ್ಕುದಾರರು ಬೇಡ ಅನ್ನುವ ಹಾಗಿಲ್ಲ, ಬದಲಿಗೆ ಕಂಪನಿಗಳು ರಾಯಲ್ಟಿ ಕಟ್ಟಬೇಕು, ಅದನ್ನು ಒಂದು ಕೇಂದ್ರ ಸಂಸ್ಥೆ ಹಂಚುತ್ತದೆ. ಇದು ಅದರ ಸಲಹೆ. ದೊಡ್ಡ ಕಂಪನಿಗಳ ಪಾಡು ಹೇಗೋ ನಡೆಯುತ್ತದೆ. ಅಮೆರಿಕದಲ್ಲಿ 2024ರಲ್ಲಿ ಸುನೋ, ಉಡಿಯೋ ಎಂಬ ಹಾಡು ಮಾಡುವ ಎಐ ಕಂಪನಿಗಳ ಮೇಲೆ ದೊಡ್ಡ ರೆಕಾರ್ಡ್ ಕಂಪನಿಗಳು ಕೇಸು ಹಾಕಿದವು. ಮರುವರ್ಷವೇ ಯುನಿವರ್ಸಲ್ ಉಡಿಯೋ ಜೊತೆ, ವಾರ್ನರ್ ಸುನೋ ಜೊತೆ ರಾಜಿ ಮಾಡಿಕೊಂಡು ಲೈಸೆನ್ಸ್ ಮಾತಾಡಿದವು. ಜಗಳ ಆಡಿದವರೇ ಪಾಲುದಾರರಾದರು. ಅವರ ಹತ್ತಿರ ಕಾಗದ ಇತ್ತು, ವಕೀಲರಿದ್ದರು.

ನಮ್ಮ ಹತ್ತಿರ ಏನಿದೆ? ಇಲ್ಲಿ ಎರಡು ಮಾತು ಗಮನಿಸಿ. ಒಂದು, "ಕೈಗೆ ಸಿಕ್ಕ" ಅನ್ನುವುದು. ನಮ್ಮ 212 ಕ್ಯಾಸೆಟ್ಟು ಯೂಟ್ಯೂಬಿನಲ್ಲಿಲ್ಲ, ಅಂಗಡಿಯಲ್ಲಿಲ್ಲ. ಕೀಲಿ ಹಾಕಿದ ಕಪಾಟಿನಲ್ಲಿದೆ. ನಾವು ಕೊಟ್ಟರೆ ಮಾತ್ರ ಸಿಗುತ್ತದೆ. ಬೇಡ ಅನ್ನುವ ಅವಕಾಶ ಇನ್ನೂ ಪೂರ್ತಿ ಉಳಿದಿರುವುದು ಅಂಥ ಕಡೆ ಮಾತ್ರ. ಎರಡನೆಯದು, ನಾಳೆ ರಾಯಲ್ಟಿ ಬಂದರೂ ಹಂಚುವುದು ಪಟ್ಟಿ ನೋಡಿ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಏನು ಹಂಚುತ್ತಾರೆ?

ಪಟ್ಟಿಯ ವಿಷಯ ಬಂತು ಅಂತ ಮೊನ್ನೆ ಆ ನೋಟ್‌ಬುಕ್ಕು ಮತ್ತೆ ತೆಗೆದು ನೋಡಿದೆ. 17-12-88. ಗಾಯನ, ಹೆಸರು ಇದೆ. ಯಮನ್, ಆಮೇಲೆ ಒಂದು ವಚನ, ಕೊನೆಗೆ ಭೈರವಿ. ತಬಲಾ? ಬರೆದಿಲ್ಲ. ಹಾರ್ಮೋನಿಯಂ? ಬರೆದಿಲ್ಲ. ತಂಬೂರಿ? ಬಿಡಿ. ಹೀಗೆ ಪುಟದ ಮೇಲೆ ಪುಟ. ಯಾರಪ್ಪಾ ಇದನ್ನು ಬರೆದಿದ್ದು ಅಂತ ಸಿಟ್ಟು ಬಂತು. ಅಕ್ಷರ ನನ್ನದು. ಆಗ ಸಂಗೀತ ವಿಭಾಗದ ಜೊತೆ ಕಾರ್ಯದರ್ಶಿ ನಾನೇ. ಅವತ್ತು ತಬಲಾ ನುಡಿಸಿದವನೂ ನಾನೇ. ನನ್ನ ಹೆಸರನ್ನು ನಾನೇ ಬರೆದಿಲ್ಲ.

ಆ ಕಾಲದಲ್ಲಿ ಹಾಗೇ ಇತ್ತು, ತಬಲಾದವನು ತನ್ನ ಹೆಸರು ತಾನೇ ಬರೆದುಕೊಂಡರೆ ಜಂಬ ಅನ್ನುತ್ತಿದ್ದರು. ಅದಕ್ಕೇ ಈ ಪತ್ರದಲ್ಲಿ ಸಂಘದವರನ್ನು ಬೈಯುವ ಅಧಿಕಾರ ನನಗೆ ಅಷ್ಟಾಗಿ ಇಲ್ಲ.

ಆದರೂ ಸ್ವಲ್ಪ ಬೈಯುತ್ತೇನೆ. ಕಳೆದ ರಾಜ್ಯೋತ್ಸವಕ್ಕೆ ಒಂದು ಸಂಘದವರು ಕರೆದಿದ್ದರು. ನುಡಿಸುವುದಕ್ಕಲ್ಲ, ಶಾಲು ಹೊದಿಸುವುದಕ್ಕೆ. ಹಾಡುವವರೆಲ್ಲ ಟ್ರ್ಯಾಕ್ ಹಾಕಿಕೊಂಡು ಹಾಡಿದರು, ವಾದ್ಯದವರು ಒಬ್ಬರೂ ಇಲ್ಲ. ಸಂಘಗೀತೆ ಎಐನಿಂದ ಮಾಡಿಸಿದ್ದರು, ನಾಲ್ಕೇ ನಿಮಿಷದಲ್ಲಿ ಆಯಿತಂತೆ. ಹೆಣ್ಣು ಧ್ವನಿ, ಇಂಪಾಗಿಯೇ ಇತ್ತು. ಊರು ಬಿಟ್ಟು ಬಂದವರ ಹಾಡು ಅದು, ಹಳ್ಳಿಯ ನೆನಪು. ಯಂತ್ರಕ್ಕೆ ಳಕಾರ ಹೊರಳಲಿಲ್ಲ. "ನಾವು ಬಿಟ್ಟು ಬಂದ ಹಲ್ಲಿ, ಇನ್ನೂ ಕಾಯುತಿದೆ ಅಲ್ಲಿ" ಅಂತ ಕರುಣಾರಸದಲ್ಲಿ ಹಾಡಿತು. ಮುಂದಿನ ಸಾಲಿನ ಹಿರಿಯರು ಕಣ್ಣು ಒರೆಸಿಕೊಂಡರು. ನಾನು ಕರ್ಚೀಪು ಬಾಯಿಗೆ ಒತ್ತಿಕೊಂಡೆ.

ಮಾಡಿದ ಹುಡುಗ ಜಾಣ, ಪಾಪ ಕಷ್ಟಪಟ್ಟಿದ್ದ. ಆಮೇಲೆ ಬಂದು "ಅಂಕಲ್, ಅದರಲ್ಲಿ ತಬಲಾ ಹೇಗಿತ್ತು?" ಅಂದ. "ತಾಳ ಒಂದು ಕಡೆನೂ ತಪ್ಪಲಿಲ್ಲ ತಮ್ಮಾ" ಅಂದೆ. ನಿಜವೇ. ಟ್ರ್ಯಾಕಿನ ತಬಲಾ ತಪ್ಪುವುದೂ ಇಲ್ಲ, ಕಾಯುವುದೂ ಇಲ್ಲ. ಅವತ್ತು ಒಬ್ಬ ಅಜ್ಜಿ ದಾಸರಪದ ಹಾಡುವಾಗ ಎರಡನೇ ಚರಣ ಮರೆತರು. ಟ್ರ್ಯಾಕು ಮುಂದೆ ಹೋಗಿಯೇಬಿಟ್ಟಿತು. ಮನುಷ್ಯ ಕೂತಿದ್ದರೆ ಒಂದು ಆವರ್ತ (ತಾಳದ ಒಂದು ಸುತ್ತು) ಬರೀ ಠೇಕಾ, ಅಂದರೆ ಮೂಲ ಬಡಿತ, ಹಾಕುತ್ತಾ ಅವರ ಮುಖ ನೋಡುತ್ತಿದ್ದ. ಅಜ್ಜಿ ಅರ್ಧಕ್ಕೆ ನಿಲ್ಲಿಸಿ ನಮಸ್ಕಾರ ಮಾಡಿ ಇಳಿದರು.

ಕಿವಿಗಳೂ ಬದಲಾಗಿವೆ, ಅದನ್ನೂ ಒಪ್ಪಬೇಕು. ವಿಲಂಬಿತ ಏಕತಾಲದ ಒಂದು ಆವರ್ತ ನಿಧಾನ ಲಯದಲ್ಲಿ ಹೆಚ್ಚುಕಡಿಮೆ ಒಂದು ನಿಮಿಷ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಅಂದರೆ ಸಮ್ (ತಾಳ ಸುತ್ತಿ ಬಂದು ಸೇರುವ ಮೊದಲ ಮಾತ್ರೆ) ಬರುವ ಮೊದಲೇ ಮೀಟರ್ ಬಿದ್ದಾಯಿತು! ವರ್ಷದಲ್ಲಿ ಒಟ್ಟು ಸಾವಿರ ಸಲವೂ ಕೇಳಿಸಿಕೊಳ್ಳದ ಹಾಡಿಗೆ 2024ರಿಂದ ಅಲ್ಲಿ ದುಡ್ಡೇ ಇಲ್ಲ. ಇನ್ನು ನೂಕುನುಗ್ಗಲು ಎಷ್ಟಿದೆ ಅಂದರೆ, ಫ್ರಾನ್ಸಿನ ಅಂಥದ್ದೇ ಕಂಪನಿ ಡೀಜರ್ 2025ರ ನವೆಂಬರಿನಲ್ಲಿ ಲೆಕ್ಕ ಹೇಳಿತು: ತನ್ನಲ್ಲಿಗೆ ದಿನವೂ ಪೂರ್ತಿ ಎಐ ಮಾಡಿದ 50,000 ಹಾಡು ಬರುತ್ತವೆ, ಬರುವ ಹೊಸ ಹಾಡುಗಳಲ್ಲಿ ಸುಮಾರು ಮೂರನೇ ಒಂದು ಪಾಲು. ಸ್ಪಾಟಿಫೈ ಒಂದೇ ವರ್ಷದಲ್ಲಿ 7.5 ಕೋಟಿ ಕಸದ ಟ್ರ್ಯಾಕು ಗುಡಿಸಿ ಹಾಕಿದೆ. ಚರ್ಚ್‌ಗೇಟಿನ ಸಂಜೆ ಆರು ಗಂಟೆಯ ಗರ್ದಿಯೇ ವಾಸಿ, ಅದರಲ್ಲಿ ಇರುವವರು ಮನುಷ್ಯರಾದರೂ ಹೌದು.

ಈ ಯಂತ್ರಗಳಿಂದ ನಮಗೆ ಉಪಯೋಗವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ಮನೆಯಲ್ಲಿ ಪಿಯಾನೋ ನುಡಿಸುತ್ತಾ ಕ್ಯಾಸೆಟ್ಟಿಗೆ ಒಂದು ಹಾಡು ಹಾಡಿಟ್ಟಿದ್ದರು. 90ರ ದಶಕದಲ್ಲಿ ಉಳಿದ ಬೀಟಲ್ಸ್‌ನವರು ಅದನ್ನು ಮುಗಿಸಲು ನೋಡಿದರು, ಪಿಯಾನೋ ಮತ್ತು ಧ್ವನಿ ಬೇರೆ ಮಾಡಲು ಆಗದೆ ಕೈಬಿಟ್ಟರು. 2023ರಲ್ಲಿ ಯಂತ್ರ ಎರಡನ್ನೂ ಬಿಡಿಸಿಕೊಟ್ಟಿತು, ಹಾಡು ಹೊರಬಂತು. ಅಂದರೆ ನಮ್ಮ ಕ್ಯಾಸೆಟ್ಟಿನಲ್ಲಿರುವ ಫ್ಯಾನಿನ ಸದ್ದು, ಹೊರಗಿನ ಬೆಸ್ಟ್ ಬಸ್ಸಿನ ಹಾರ್ನು, ಮುಂದಿನ ಸಾಲಿನ ಕಾಕಾರ ಕೆಮ್ಮು, ಎಲ್ಲಾ ತೆಗೆಯಬಹುದು. (ಕಾಕಾರ ಕೆಮ್ಮು ಇರಲಿ ಅಂತ ನನ್ನ ಆಸೆ. ಅದು ಸರಿಯಾಗಿ ತಾಳದ ಖಾಲಿಗೆ, ಅಂದರೆ ಪೆಟ್ಟಿಲ್ಲದ ಮಾತ್ರೆಗೆ, ಬೀಳುತ್ತಿತ್ತು.) ಎ. ಆರ್. ರೆಹಮಾನ್ 2024ರಲ್ಲಿ ತೀರಿಹೋದ ಇಬ್ಬರು ಗಾಯಕರ, ಬಂಬಾ ಬಕ್ಯಾ ಮತ್ತು ಶಾಹುಲ್ ಹಮೀದ್ ಅವರ, ಧ್ವನಿಯನ್ನು ಎಐ ಮೂಲಕ ಬಳಸಿದರು. ಅವರ ಮನೆಯವರನ್ನು ಕೇಳಿ, ಹಣ ಕೊಟ್ಟು, ಹೆಸರು ಹೇಳಿ ಬಳಸಿದರು. ಸತ್ತವರ ಧ್ವನಿ ಹಾಡಿಸುವುದು ಸರಿಯಾ ಅಂತ ನನಗೆ ಇನ್ನೂ ಮನಸ್ಸು ಒಪ್ಪಿಲ್ಲ. ಕೇಳಿದರು, ಕೊಟ್ಟರು ಅನ್ನುವುದನ್ನು ಮಾತ್ರ ಒಪ್ಪಬೇಕು.

ಹಾಗಾಗಿ ಕಂಪನಿಯವರಿಗೆ ಇಷ್ಟು ಬರೆಯೋಣ: ಆರನೇ ಪುಟ ತೆಗೆಯಿರಿ. ಯಂತ್ರಕ್ಕೆ ಕಲಿಸುವ ವಿಷಯ ಬೇರೆ ಕಾಗದದಲ್ಲಿ ಇರಲಿ, ಪ್ರತಿ ಕಲಾವಿದರ ಅಥವಾ ಅವರ ಮನೆಯವರ ಸಹಿ ಬಿದ್ದ ಮೇಲೆ, ವರ್ಷ ಇಷ್ಟು, ಹಣ ಇಷ್ಟು ಅಂತ ಬರೆದ ಮೇಲೆ ನೋಡೋಣ. ಒಪ್ಪದಿದ್ದರೆ ಹೋಗಲಿ. ಒಮ್ಮೆ ಯಂತ್ರ ಕಲಿತದ್ದನ್ನು ಮರೆಸುವುದು ಬಹಳ ಕಷ್ಟ ಅಂತ ತಿಳಿದವರು ಹೇಳುತ್ತಾರೆ. ಹಾರ್ಡ್ ಡಿಸ್ಕ್ ವಾಪಸ್ ಬರಬಹುದು, ಪಾಠ ವಾಪಸ್ ಬರುವುದಿಲ್ಲ.

ಡಿಜಿಟಲ್ ಕೆಲಸ ನಾವೇ ಮಾಡಬಹುದು, ಅದೇನು ರಾಕೆಟ್ ಹಾರಿಸುವುದಲ್ಲ. ನನ್ನ ಹತ್ತಿರ ಒಂದು ಹಳೆಯ ಡೆಕ್ ಇದೆ, ಹೆಡ್ ಮತ್ತು ಬೆಲ್ಟ್ ಎರಡೂ ಸರಿ ಇವೆ. ಡೆಕ್‌ನಿಂದ ಕಂಪ್ಯೂಟರಿಗೆ ಧ್ವನಿ ಕಳಿಸುವ ಸಣ್ಣ ಡಬ್ಬಿ ಮಗಳದ್ದಿದೆ. ಆಡಾಸಿಟಿ ಅನ್ನುವ ಪುಕ್ಕಟೆ ತಂತ್ರಾಂಶ ಸಾಕು. 24 ಬಿಟ್, 48 ಕಿಲೋಹರ್ಟ್ಸ್‌ನ ವೇವ್ ಫೈಲಾಗಿ ಇಡಬೇಕು, ಎಂಪಿ3 ಮಾಡಿ ಕೈತೊಳೆದುಕೊಳ್ಳಬಾರದು. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷ ಬೇಕೇಬೇಕು, ಅದಕ್ಕೆ ಒಳದಾರಿ ಇಲ್ಲ. 212ಕ್ಕೆ 318 ಗಂಟೆ. ಭಾನುವಾರಕ್ಕೆ ನಾಲ್ಕು ಕ್ಯಾಸೆಟ್ಟು ಅಂದರೆ ಒಂದು ವರ್ಷದ ಕೆಲಸ, ಮಧ್ಯೆ ಗಣಪತಿ ಹಬ್ಬದ ರಜೆ. ಸುಮ್ನೆ ಕೂತು ಕೇಳುವುದೇ ಕೆಲಸ. ಕೇಳುತ್ತಾ ಹೆಸರು ತುಂಬಿಸುವುದು. ಇದು ಯಾರ ಠೇಕಾ, ಇದು ಯಾರ ಹಾರ್ಮೋನಿಯಂ ಅಂತ ನನ್ನಂಥ ನಾಲ್ಕು ಮುದುಕರಿಗೆ ಇನ್ನೂ ಕಿವಿಯಲ್ಲೇ ಗೊತ್ತಾಗುತ್ತದೆ. ಅದಕ್ಕೂ ಜಾಸ್ತಿ ವರ್ಷ ಇಲ್ಲ.

ಇನ್ನು ಆಮಂತ್ರಣ ಪತ್ರಿಕೆ. ಅತಿಥಿಗಳ ಹೆಸರು, ಡಿಗ್ರಿ, ಪದವಿ ಎಲ್ಲಾ ಹಾಕಿ ಕೆಳಗೆ "ಮತ್ತು ಪಕ್ಕವಾದ್ಯದವರು" ಅಂತ ಬರೆಯುವುದನ್ನು ನಿಲ್ಲಿಸಿ. ಟ್ರ್ಯಾಕ್ ಹಾಕಿದರೆ ಟ್ರ್ಯಾಕ್ ಅಂತ, ಎಐ ಹಾಡಿದ್ದರೆ ಎಐ ಅಂತ ಮೈಕಿನಲ್ಲಿ ಹೇಳಿಬಿಡಿ. ವರ್ಷಕ್ಕೆ ಎರಡು ಕಾರ್ಯಕ್ರಮವಾದರೂ ಮನುಷ್ಯರು ನುಡಿಸಲಿ. ಡೊಂಬಿವಲಿಯಲ್ಲಿ ನನ್ನ ಹತ್ತಿರ ಕಲಿಯುವ ಹುಡುಗರು ಏಳು ಜನ. ಅವರಿಗೆ ಕೂರಲು ಒಂದು ಜಾಗ ಬೇಕು.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಡೆಕ್ ತಗೊಂಡು ನಮ್ಮ ಸಂಘದ ಆಫೀಸಿಗೆ ಬರುತ್ತೇನೆ. ಕಪಾಟಿನ ಕೀಲಿ ಖಜಾಂಚಿಯ ಹತ್ತಿರ ಇದೆ. ಟೇಪ್ ಸುತ್ತಲು ಎರಡು ಪೆನ್ಸಿಲ್ ಇಟ್ಟಿರಿ, ಆರು ಮೂಲೆ ಇರುವಂಥದ್ದು, ಗುಂಡಗಿನದ್ದು ಜಾರುತ್ತದೆ.

ಮೊದಲು 17-12-88ರ ಕ್ಯಾಸೆಟ್ಟನ್ನೇ ಹಾಕುವವನಿದ್ದೇನೆ. ತಬಲಾದವರ ಹೆಸರು ಬರೆಯುವುದು ಸುಲಭ. ಹಾರ್ಮೋನಿಯಂ ನುಡಿಸಿದವರು ನೆನಪಾದರು, ಪುಣೆಯಲ್ಲಿ ಮಗಳ ಮನೆಯಲ್ಲಿದ್ದಾರೆ, ಫೋನ್ ಮಾಡಿದ್ದೇನೆ. ತಂಬೂರಿ ಹಿಡಿದು ಕೂತಿದ್ದ ಹುಡುಗಿ ಮಾತ್ರ ಯಾರು ಅಂತ ಇಬ್ಬರಿಗೂ ನೆನಪಾಗುತ್ತಿಲ್ಲ. ಹದಿನೇಳು ಹದಿನೆಂಟು ವರ್ಷ ಇರಬಹುದು. ಎರಡು ಜಡೆ, ನೀಲಿ ಲಂಗ ದಾವಣಿ, ವಡಾಲಾ ಕಡೆಯಿಂದ ಅಪ್ಪನ ಜೊತೆ ಬಂದಿದ್ದಳು. ಯಮನ್ ಮುಗಿಯುವ ಹೊತ್ತಿಗೆ ಒಂದು ತಂತಿ ಸಡಿಲಾಯಿತು. ಹಾಡುವವರು ತಿರುಗಿ ನೋಡುವಷ್ಟರಲ್ಲಿ ಅವಳು ಅದನ್ನು ಸರಿ ಮಾಡಿಬಿಟ್ಟಿದ್ದಳು, ಕ್ಯಾಸೆಟ್ಟಿನಲ್ಲಿ ಈಗಲೂ ಕೇಳುತ್ತದೆ. ಈಗ ಐವತ್ತೈದು ದಾಟಿರುತ್ತದೆ ಅವರಿಗೆ. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಥವಾ ಅಕ್ಕಾ, ನೀವೇ ಇದನ್ನು ಓದುತ್ತಿದ್ದರೆ, ನಿಮ್ಮ ಹೆಸರೊಂದು ಹೇಳಿ.

ನಿಮ್ಮವ,
ಡೊಂಬಿವಲಿಯ ತಬಲಾದವನು